ಜೋಡೆತ್ತು ಯಾರ ಪಾಲಿಗೆ?

1962ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಎಸ್. ನಿಜಲಿಂಗಪ್ಪನವರನ್ನು ಸೋಲಿಸಿದರು. ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ನಿಜಲಿಂಗಪ್ಪನವರು ಆಗಲೇ ಒಮ್ಮೆ ಮುಖ್ಯಮಂತ್ರಿಯಾಗಿದ್ದವರು, ಏಕೀಕರಣಕ್ಕಾಗಿ ದುಡಿದವರು, 1939ರಲ್ಲಿ ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ ಈಚಲು ಮರಗಳಿಗೆ ಕೊಡಲಿ ಹಾಕಿದ ಅರಣ್ಯ ಸತ್ಯಾಗ್ರಹದ ಮುಂದಾಳು. ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಿಲಿನಲ್ಲಾದರೂ ವಕೀಲಿ ಮಾಡಿದ್ದು, ಮನೆ ಕಟ್ಟಿಕೊಂಡಿದ್ದು ಚಿತ್ರದುರ್ಗದಲ್ಲಿ. ಅಂಥವರು ತಮ್ಮ ಜಿಲ್ಲೆಯಲ್ಲೇ ಸೋತರು. ಸೋತ ನಾಲ್ಕೇ ತಿಂಗಳಿಗೆ, ಜೂನ್ 21ರಂದು, ಅವರೇ ಮತ್ತೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು!

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಬಿಡಿಸಿ ನೋಡಿದರೆ ನಮ್ಮ ಪಕ್ಷ ರಾಜಕಾರಣದ ಒಂದು ಮುಖ್ಯ ಗುಟ್ಟು ತಿಳಿಯುತ್ತದೆ. ನಾಯಕನನ್ನು ಆರಿಸುವುದಕ್ಕೆ ತಲೆ ಎಣಿಸಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಯಾರ ತಲೆ, ಎಲ್ಲಿ ಕೂಡಿಸಿ ಎಣಿಸಬೇಕು ಎಂಬುದರಲ್ಲಿ. ಹೊಸದುರ್ಗದ ಸಂತೆಯಲ್ಲಿ ಎಣಿಸಿದರೆ ಒಂದು ಉತ್ತರ, ಬೆಂಗಳೂರಿನಲ್ಲಿ ಶಾಸಕರನ್ನು ಕೂಡಿಸಿ ಎಣಿಸಿದರೆ ಇನ್ನೊಂದು. ನಿಜಲಿಂಗಪ್ಪನವರು ಈ ಎರಡೂ ಉತ್ತರಗಳನ್ನು ಉಂಡವರು. ಮುಂದೆ 1969ರಲ್ಲಿ ದೇಶದ ಅತಿ ದೊಡ್ಡ ಪಕ್ಷ ಸೀಳಿ ಎರಡಾದಾಗ, ಈ ಎಣಿಕೆಯ ಜಗಳದ ಒಂದು ತುದಿಯಲ್ಲಿ ನಿಂತವರೂ ಅವರೇ.

ಮೊದಲು ರಾಜ್ಯದ ಮಾತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು 1958ರ ಮೇ ತಿಂಗಳಲ್ಲಿ ಅಧಿಕಾರ ಬಿಟ್ಟುಕೊಡಬೇಕಾಯಿತು. ವಿರೋಧ ಪಕ್ಷದವರು ಕೆಳಗಿಳಿಸಿದ್ದಲ್ಲ. ಕಾಂಗ್ರೆಸ್ ಶಾಸಕಾಂಗ ಪಕ್ಷದೊಳಗಿನ ಭಿನ್ನಮತವೇ ಇಳಿಸಿತು. ಅವರ ಜಾಗಕ್ಕೆ ಜಮಖಂಡಿಯ ಬಿ.ಡಿ. ಜತ್ತಿ ಬಂದರು. ಅಲ್ಲಿಂದ ರಾಜ್ಯದ ಕಾಂಗ್ರೆಸ್ಸಿನಲ್ಲಿ ಜತ್ತಿ ಬಣ, ನಿಜಲಿಂಗಪ್ಪ ಬಣ ಎಂಬ ಎರಡು ಪಂಗಡಗಳು ಎದ್ದು ಕಾಣತೊಡಗಿದವು. ಹೊಸದುರ್ಗದ ಸೋಲು ಬಂದದ್ದು ಈ ಹಗ್ಗಜಗ್ಗಾಟದ ನಡುವೆ. ನಾಯಕ ಸೋತರೂ ಅವರ ಬಣದ ಶಾಸಕರು ಸೋತಿರಲಿಲ್ಲ. 1962ರ ಮಾರ್ಚ್ 14ರಂದು ಹುನಗುಂದದ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು; ಜತ್ತಿಯವರಿಗೆ ಕುರ್ಚಿ ಮರಳಲಿಲ್ಲ. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳ ತಮ್ಮ ಸ್ಥಾನ ತೆರವು ಮಾಡಿದರು. ನಿಜಲಿಂಗಪ್ಪನವರು ಅಲ್ಲಿಂದ ಗೆದ್ದು ಬಂದ ಮೇಲೆ ಕಂಠಿಯವರು ಕುರ್ಚಿ ಬಿಟ್ಟು, ಅವರದೇ ಸಂಪುಟದಲ್ಲಿ ಮಂತ್ರಿಯಾಗಿ ಕುಳಿತರು. ರಾಮನ ಪಾದುಕೆ ಇಟ್ಟುಕೊಂಡು ರಾಜ್ಯವಾಳಿದ ಭರತನ ಹೋಲಿಕೆ ಕಂಠಿಯವರಿಗೆ ಅಂಟಿಕೊಂಡದ್ದು ಸಹಜ. ಮೂರು ತಿಂಗಳ ಅಧಿಕಾರವನ್ನು ಹಾಗೆ ಹಿಂದಿರುಗಿಸುವವರು ರಾಜಕಾರಣದಲ್ಲಿ ಅಪರೂಪ.

ಚಿತ್ರದುರ್ಗದ ಮತದಾರರಿಗೆ ಇದರಿಂದ ಏನನ್ನಿಸಿತೋ! ಈ ಸೀಮೆ ಯಾವತ್ತೂ ಒಬ್ಬರ ಕಿಸೆಯಲ್ಲಿದ್ದದ್ದಲ್ಲ. 1952ರಲ್ಲಿ ನಿಜಲಿಂಗಪ್ಪನವರನ್ನು ಲೋಕಸಭೆಗೆ ಕಳಿಸಿದ ಕ್ಷೇತ್ರವೇ 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ, 1967ರಲ್ಲಿ ಸ್ವತಂತ್ರ ಪಕ್ಷದಿಂದ ಜೆ. ಮಹಮದ್ ಇಮಾಮ್ ಅವರನ್ನು ಕಳಿಸಿತು. ಎರಡನೆಯ ಸಲ ಕಳಿಸಿದಾಗ ರಾಜ್ಯದ ಮುಖ್ಯಮಂತ್ರಿ ಚಿತ್ರದುರ್ಗದವರೇ. ಅವರು ಮಾತ್ರ ಆ ವರ್ಷ ವಿಧಾನಸಭೆಗೆ ಶಿಗ್ಗಾವಿಯಿಂದ ಆರಿಸಿ ಬಂದರು. ಹೊಸದುರ್ಗದ ಕಡೆ ಮತ್ತೆ ಮುಖ ಮಾಡಲಿಲ್ಲ.

ದೆಹಲಿಯಲ್ಲೂ ಇಂಥದೇ ಎಣಿಕೆಗಳು ನಡೆದಿದ್ದವು. ಲಾಲ್ ಬಹಾದುರ್ ಶಾಸ್ತ್ರಿ ತೀರಿಕೊಂಡ ಮೇಲೆ, 1966ರ ಜನವರಿ 19ರಂದು, ಕಾಂಗ್ರೆಸ್ ಸಂಸದೀಯ ಪಕ್ಷದಲ್ಲಿ ನಾಯಕತ್ವಕ್ಕೆ ಗುಪ್ತ ಮತದಾನವಾಯಿತು. ಇಂದಿರಾ ಗಾಂಧಿಗೆ 355, ಮೊರಾರ್ಜಿ ದೇಸಾಯಿಗೆ 169. ಇಂದಿರಾ ಅವರನ್ನು ಮುಂದೆ ತಂದವರು ಪಕ್ಷಾಧ್ಯಕ್ಷ ಕಾಮರಾಜರು ಮತ್ತು ರಾಜ್ಯಗಳ ಬಲಾಢ್ಯ ನಾಯಕರು. ಈ ಹಿರಿಯರ ಕೂಟಕ್ಕೆ ಪತ್ರಿಕೆಗಳು ಇಟ್ಟ ಹೆಸರು ‘ಸಿಂಡಿಕೇಟ್’. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ಸಂಜೀವ ರೆಡ್ಡಿ, ನಿಜಲಿಂಗಪ್ಪ: ಇವರೇ ಅದರ ಮುಖ್ಯರು. ಹುಡುಗಿ ಹೇಳಿದ ಮಾತು ಕೇಳಿಕೊಂಡಿರುತ್ತಾಳೆ ಎಂಬ ಲೆಕ್ಕ ಈ ಹಿರಿಯರದು. 1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಮಾರನೆಯ ವರ್ಷ ಏಪ್ರಿಲಿನ ಫರೀದಾಬಾದ್ ಅಧಿವೇಶನದ ಹೊತ್ತಿಗೆ ಅಧ್ಯಕ್ಷರ ಭಾಷಣವೊಂದು ದಾರಿ, ಪ್ರಧಾನಿಯ ಭಾಷಣ ಇನ್ನೊಂದು ದಾರಿ ಎಂಬಂತಾಗಿತ್ತು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದರು. ಕಾಂಗ್ರೆಸ್ಸಿನ ಅಭ್ಯರ್ಥಿ ಯಾರಾಗಬೇಕು? ಜುಲೈಯಲ್ಲಿ ಬೆಂಗಳೂರಿನಲ್ಲಿ ಎಐಸಿಸಿ ಸೇರಿತ್ತು. ಆ ಸಂದರ್ಭದಲ್ಲಿ, 12ರಂದು, ಎಂಟೇ ಮಂದಿಯ ಸಂಸದೀಯ ಮಂಡಳಿ ಕೂಡಿ ಮತಕ್ಕೆ ಹಾಕಿತು. ಸಂಜೀವ ರೆಡ್ಡಿಯವರ ಪರ ನಾಲ್ಕು, ಇಂದಿರಾ ಸೂಚಿಸಿದ ಜಗಜೀವನ್ ರಾಮ್ ಪರ ಎರಡು. ದೇಶದ ಪ್ರಧಾನಿ ತನ್ನದೇ ಪಕ್ಷದ ಒಂದು ಸಣ್ಣ ಕೋಣೆಯಲ್ಲಿ ಸೋತರು. ಅವರು ಆ ಕೋಣೆಯಲ್ಲೇ ವಾದ ಮುಂದುವರಿಸುತ್ತ ಕೂರಲಿಲ್ಲ, ಎಣಿಕೆಯ ಅಂಗಳವನ್ನೇ ಬದಲಿಸಿಬಿಟ್ಟರು. 16ರಂದು ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ದೊಡ್ಡ ಬ್ಯಾಂಕುಗಳನ್ನು ಸುಗ್ರೀವಾಜ್ಞೆಯ ಮೂಲಕ ರಾಷ್ಟ್ರೀಕರಣ ಮಾಡಿದರು. ನಾಲ್ಕು–ಎರಡರ ಮಾತು ಒಂದೇ ವಾರದಲ್ಲಿ ಹಿಂದೆ ಸರಿದು, ಬಡವರ ಪರ ಯಾರು, ಸಿರಿವಂತರ ಪರ ಯಾರು ಎಂಬ ಪ್ರಶ್ನೆ ಬೀದಿಯಲ್ಲಿ ನಿಂತಿತು.

ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಅವರೇ ಸಹಿ ಹಾಕಿದ್ದರು. ಆದರೆ ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ಕಣಕ್ಕಿಳಿದರು. ವಿರೋಧ ಪಕ್ಷಗಳ ಒಂದು ಗುಂಪು ಸಿ.ಡಿ. ದೇಶಮುಖರನ್ನು ನಿಲ್ಲಿಸಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರ ಒಂದೇ ಹೆಸರಿಗೆ ಮುದ್ರೆ ಒತ್ತುವುದಿಲ್ಲ. 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾನೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಕೆಳಗಿನ ಅಭ್ಯರ್ಥಿಗಳ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಎಣಿಸುತ್ತಾರೆ. ಇದನ್ನು ಬಲ್ಲ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು, ನಿಮ್ಮ ಎರಡನೆಯ ಪ್ರಾಶಸ್ತ್ಯ ರೆಡ್ಡಿಯವರಿಗಿರಲಿ ಎಂದು ಕೇಳಿಕೊಂಡರು. ವಕೀಲರ ಲೆಕ್ಕ ಕರಾರುವಾಕ್ಕಾಗಿಯೇ ಇತ್ತು. ರಾಜಕೀಯವಾಗಿ ಮಾತ್ರ ಅದಕ್ಕಿಂತ ದುಬಾರಿಯಾದ ಭೇಟಿ ಅವರ ಜೀವನದಲ್ಲಿ ಇನ್ನೊಂದಿರಲಿಲ್ಲ. ಬಲಪಂಥದೊಡನೆ ಒಳಸಂಚು ಎಂದು ಪ್ರಧಾನಿಯ ಪಾಳಯ ಹುಯಿಲೆಬ್ಬಿಸಿತು. ಪಕ್ಷದ ಅಭ್ಯರ್ಥಿಗೆ ಮತ ಹಾಕಿರೆಂದು ವಿಪ್ ಹೊರಡಿಸಲು ಇಂದಿರಾ ಒಪ್ಪಲಿಲ್ಲ. ‘ಆತ್ಮಸಾಕ್ಷಿಯ ಮತ’ ಎಂಬ ಮಾತು ಹುಟ್ಟಿದ್ದು ಆಗಲೇ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515 ಮತಮೌಲ್ಯ, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಮುಂದಿನ ಪ್ರಾಶಸ್ತ್ಯಗಳನ್ನು ಸೇರಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಎರಡು ಸಾಲುಗಳನ್ನು ಕಳೆದು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ: ಹಂಚಿಕೆಯಲ್ಲಿ ರೆಡ್ಡಿಯವರಿಗೆ 91,879 ಬಂದರೆ ಗಿರಿಯವರಿಗೆ ಬಂದದ್ದು ಬರೀ 18,562. ಅಂದರೆ ನಿಜಲಿಂಗಪ್ಪನವರು ಹೊರಗಿನವರನ್ನು ಕೇಳಿದ್ದು ಬಹುಪಾಲು ಸಿಕ್ಕಿತ್ತು. ಕೈಕೊಟ್ಟವರು ಮನೆಯೊಳಗಿನವರು, ಕಾಂಗ್ರೆಸ್ಸಿನದೇ ಸಂಸದರು ಮತ್ತು ಶಾಸಕರು.

ಪಕ್ಷದ ಕಾರ್ಯಸಮಿತಿ ಆಗಸ್ಟ್ 25ರಂದು ಐಕ್ಯದ ಗೊತ್ತುವಳಿಯೊಂದನ್ನು ಮಾಡಿ ತೇಪೆ ಹಾಕಿತು. ತೇಪೆ ಎರಡು ತಿಂಗಳು ನಿಂತಿತು. ಹೊಸ ಅಧ್ಯಕ್ಷರನ್ನು ಆರಿಸಲು ಎಐಸಿಸಿ ಸಭೆ ಕರೆಯಬೇಕೆಂದು ಇಂದಿರಾ ಬೆಂಬಲಿಗರು ಸಹಿ ಸಂಗ್ರಹಕ್ಕೆ ಹೊರಟರು. ಕಾರ್ಯಸಮಿತಿಯಲ್ಲಿ ಎರಡು ಕಡೆಯವರೂ ಹೆಚ್ಚುಕಡಿಮೆ ಸಮಬಲ; ಒಂದೊಂದು ತಲೆಯೂ ಬೆಲೆಬಾಳುತ್ತಿತ್ತು. ಸಭೆಯ ಮುನ್ನ ಅಧ್ಯಕ್ಷರು ಫಕ್ರುದ್ದೀನ್ ಅಲಿ ಅಹಮದ್ ಅವರನ್ನು ಸಮಿತಿಯಿಂದ ಕೈಬಿಟ್ಟರು, ಸಿ. ಸುಬ್ರಹ್ಮಣ್ಯಂ ಅವರ ಸದಸ್ಯತ್ವ ಮುಗಿಯಿತೆಂದು ಸಾರಿದರು. ನಿಯಮದ ಪುಸ್ತಕದಲ್ಲಿ ಅದಕ್ಕೆ ಆಧಾರ ಹುಡುಕಬಹುದಿತ್ತು. ಆದರೆ ಎಣಿಕೆಗೆ ಮುಂಚೆ ಎಣಿಸಿಕೊಳ್ಳಬೇಕಾದವರನ್ನೇ ಕಡಿಮೆ ಮಾಡಿದರೆ ಸೋತವರು ಆ ಎಣಿಕೆಯನ್ನು ಒಪ್ಪುವುದುಂಟೆ? ನವೆಂಬರ್ 1ರಂದು ಕಾರ್ಯಸಮಿತಿಯ ಹೆಸರಿನಲ್ಲಿ ಎರಡು ಸಭೆಗಳು ನಡೆದವು: ಒಂದು ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯ ಮನೆಯಲ್ಲಿ. ಹದಿಮೂರು ವರ್ಷದ ಹಿಂದೆ ಇದೇ ತಾರೀಖಿನಂದು ನಿಜಲಿಂಗಪ್ಪನವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದರು.

ನವೆಂಬರ್ 12ರಂದು ಅಧ್ಯಕ್ಷರು ಪ್ರಧಾನಿಯನ್ನು ಪಕ್ಷದಿಂದ ಉಚ್ಚಾಟಿಸಿದರು. ಪಕ್ಷದಿಂದ ಹೊರಹಾಕಿದರೂ ಪ್ರಧಾನಿ ಪದವಿ ಹೋಗಲಿಲ್ಲವೇಕೆ ಎಂದು ಈಗಲೂ ಕೇಳುವವರಿದ್ದಾರೆ. ಆ ಪದವಿಗೆ ಬೇಕಾದದ್ದು ಲೋಕಸಭೆಯ ವಿಶ್ವಾಸ, ಪಕ್ಷದ ಚೀಟಿಯಲ್ಲ. ಕಾಂಗ್ರೆಸ್ ಸಂಸದರಲ್ಲಿ ಹೆಚ್ಚಿನವರು ಇಂದಿರಾ ಜೊತೆಗೆ ಉಳಿದರು. ಕಡಿಮೆ ಬಿದ್ದದ್ದನ್ನು ಡಿಎಂಕೆ, ಕಮ್ಯುನಿಸ್ಟರು ತುಂಬಿಕೊಟ್ಟರು. ನಿಜಲಿಂಗಪ್ಪನವರ ಕಡೆಯ ಸಂಸದರು ವಿರೋಧ ಪಕ್ಷದ ಸಾಲಿಗೆ ಹೋಗಿ ಕುಳಿತರು. ಅವರ ನಾಯಕ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಮಾನ್ಯತೆ ಪಡೆದ ಮೊದಲ ವಿರೋಧ ಪಕ್ಷದ ನಾಯಕರಾದರು. ನವೆಂಬರ್ 22 ಮತ್ತು 23ರಂದು ದೆಹಲಿಯಲ್ಲಿ ಸೇರಿದ ಇಂದಿರಾ ಪರ ಎಐಸಿಸಿ ನಿಜಲಿಂಗಪ್ಪನವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಒಂದು ಕಾಂಗ್ರೆಸ್ ಅಧಿವೇಶನ, ಗುಜರಾತಿನಲ್ಲಿ ಇನ್ನೊಂದು. ಕನ್ನಡ ಪತ್ರಿಕೆಗಳಲ್ಲಿ ಒಂದು ‘ಆಡಳಿತ ಕಾಂಗ್ರೆಸ್’ ಆಯಿತು, ಇನ್ನೊಂದು ‘ಸಂಸ್ಥಾ ಕಾಂಗ್ರೆಸ್’. ಹಳ್ಳಿಗಳಲ್ಲಿ ಇಂಡಿಕೇಟು, ಸಿಂಡಿಕೇಟು.

ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆಪಗಡ ಹಂಚಿಕೊಳ್ಳುವುದು ಸುಲಭ. ಜೋಡೆತ್ತನ್ನು ಹಂಚುವುದು ಕಷ್ಟ. ಕಾಂಗ್ರೆಸ್ಸಿನಲ್ಲಿ ಈ ಮಾತು ಅಕ್ಷರಶಃ ನಿಜವಾಯಿತು. ನೊಗ ಹೊತ್ತ ಜೋಡೆತ್ತೇ ಪಕ್ಷದ ಚುನಾವಣಾ ಗುರುತು. ಓದು ಬಾರದ ಕೋಟ್ಯಂತರ ಮತದಾರರಿಗೆ ಕಾಂಗ್ರೆಸ್ ಎಂದರೆ ಆ ಚಿತ್ರ. ಪಕ್ಷ ಒಡೆದಾಗ ಗುರುತು ಯಾರಿಗೆ ಸೇರಬೇಕೆಂದು ತೀರ್ಮಾನಿಸುವ ಅಧಿಕಾರ 1968ರ ಚುನಾವಣಾ ಗುರುತುಗಳ ಆದೇಶದ 15ನೆಯ ಕಂಡಿಕೆಯ ಪ್ರಕಾರ ಚುನಾವಣಾ ಆಯೋಗದ್ದು. ಆಯೋಗದ ಮುಂದೆ ಹಲವು ದಾರಿಗಳಿದ್ದವು: ಪಕ್ಷದ ಸಂವಿಧಾನವನ್ನು ಪಾಲಿಸಿದವರು ಯಾರೆಂದು ನೋಡಬಹುದು, ಧ್ಯೇಯಕ್ಕೆ ನಿಷ್ಠರಾದವರು ಯಾರೆಂದು ನೋಡಬಹುದು, ಇಲ್ಲವೆ ತಲೆ ಎಣಿಸಬಹುದು. ಸಂಸದರು, ಶಾಸಕರು, ಪಕ್ಷದ ಸಮಿತಿಗಳ ಸದಸ್ಯರು ಯಾವ ಕಡೆ ಎಷ್ಟು ಮಂದಿ ಎಂದು ಆಯೋಗ ಎಣಿಸಿತು. 1971ರ ಜನವರಿಯಲ್ಲಿ, ಜಗಜೀವನ್ ರಾಮ್ ಅಧ್ಯಕ್ಷತೆಯ ಬಣವೇ ಕಾಂಗ್ರೆಸ್ ಎಂದಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ ಮಾರ್ಚಿನ ಲೋಕಸಭಾ ಚುನಾವಣೆಗೆ ಎತ್ತುಗಳು ಯಾರಿಗೂ ದಕ್ಕಲಿಲ್ಲ. ಇಂದಿರಾ ಬಣ ಹಸು-ಕರುವಿನೊಂದಿಗೆ, ಸಂಸ್ಥಾ ಕಾಂಗ್ರೆಸ್ ಚರಕ ನೂಲುವ ಹೆಂಗಸಿನ ಚಿತ್ರದೊಂದಿಗೆ ಹೋದವು.

ಚಿತ್ರದುರ್ಗದ ಕೋಟೆಯ ಬುಡದಿಂದ ಹಿಡಿದು ಹಿರಿಯೂರಿನ ವಾಣಿವಿಲಾಸ ನಾಲೆಯ ಗದ್ದೆಗಳವರೆಗೆ, ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳವರೆಗೆ, ಎತ್ತಿನ ಗುರುತಿಗೆ ಒಗ್ಗಿಹೋಗಿದ್ದ ಮತದಾರರು ಈಗ ಚಿತ್ರ ನೋಡಿ ಮನುಷ್ಯರನ್ನು ಹುಡುಕಬೇಕಾಯಿತು. ರಾಜ್ಯ ಸರ್ಕಾರ ವೀರೇಂದ್ರ ಪಾಟೀಲರದು, ಅಂದರೆ ನಿಜಲಿಂಗಪ್ಪನವರ ಕಡೆಯದು. ಅಧಿಕಾರ ಕೈಯಲ್ಲಿದ್ದೂ ಪ್ರಯೋಜನವಾಗಲಿಲ್ಲ. ರಾಜ್ಯದ 27ಕ್ಕೆ 27 ಲೋಕಸಭಾ ಸ್ಥಾನಗಳೂ ಹಸು-ಕರುವಿನ ಪಾಲಾದವು. ಚಿತ್ರದುರ್ಗದಲ್ಲಿ ಆಡಳಿತ ಕಾಂಗ್ರೆಸ್ಸಿನ ಕೊಂಡಜ್ಜಿ ಬಸಪ್ಪ ಗೆದ್ದರು. ದೇಶದಲ್ಲಿ ಇಂದಿರಾ ಪಕ್ಷಕ್ಕೆ 352, ಸಂಸ್ಥಾ ಕಾಂಗ್ರೆಸ್ಸಿಗೆ 16. ಅದೇ ತಿಂಗಳಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. 1972ರಲ್ಲಿ ಆಡಳಿತ ಕಾಂಗ್ರೆಸ್ 216ರಲ್ಲಿ 165 ವಿಧಾನಸಭಾ ಸ್ಥಾನ ಗೆದ್ದು ದೇವರಾಜ ಅರಸು ಮುಖ್ಯಮಂತ್ರಿಯಾದರು. ಅದಕ್ಕೂ ಮೊದಲು, 1971ರ ನವೆಂಬರ್ 11ರಂದು, ಸುಪ್ರೀಂ ಕೋರ್ಟು ಆಯೋಗದ ತೀರ್ಮಾನವನ್ನು ಎತ್ತಿಹಿಡಿದಿತ್ತು. ಪ್ರಜಾಪ್ರಭುತ್ವದಲ್ಲಿ ಸಂಖ್ಯೆಗೆ ಬೆಲೆಯಿದೆ, ಎಣಿಕೆಯ ಪರೀಕ್ಷೆ ಸರಿಯಾದದ್ದೇ ಎಂಬುದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದ ಆ ತೀರ್ಪಿನ ತಿರುಳು. ಆಯೋಗ ತೀರ್ಮಾನಿಸುವುದು ಗುರುತನ್ನು ಮಾತ್ರ, ಪಕ್ಷದ ಆಸ್ತಿಪಾಸ್ತಿಯನ್ನಲ್ಲ ಎಂದೂ ಅದು ಹೇಳಿತು.

ಈ ತೀರ್ಪಿನ ಒಂದು ಕೊರತೆ ಬರಬರುತ್ತ ಸ್ಪಷ್ಟವಾಯಿತು. ಶಾಸಕರನ್ನೂ ಸಂಸದರನ್ನೂ ಎಣಿಸುವುದು ಸುಲಭ. ಚಂದಾ ಕಟ್ಟಿದ ಸಾಮಾನ್ಯ ಸದಸ್ಯನನ್ನು ಎಣಿಸುವುದು ಕಷ್ಟ. ಹೀಗಾಗಿ ಬಾವುಟ ಕಟ್ಟಿ, ಗೋಡೆ ಬರೆದು ಪಕ್ಷ ಬೆಳೆಸಿದವನ ತಲೆ ಲೆಕ್ಕಕ್ಕೆ ಸಿಗುವುದೇ ಅಪರೂಪ. 2023ರಲ್ಲಿ ಶಿವಸೇನೆಯ ಬಿಲ್ಲುಬಾಣವನ್ನು, 2024ರಲ್ಲಿ ಎನ್‌ಸಿಪಿಯ ಗಡಿಯಾರವನ್ನು ಒಂದು ಬಣಕ್ಕೆ ಕೊಟ್ಟಾಗಲೂ ಆಯೋಗ ಕೊನೆಗೆ ನೆಚ್ಚಿದ್ದು ಶಾಸಕರ, ಸಂಸದರ ಸಂಖ್ಯೆಯನ್ನೇ. ಕರ್ನಾಟಕದಲ್ಲಿ ಇದೇ ಮಗ್ಗಲು ಮುಳ್ಳಿನ ರುಚಿ ಕಂಡವರು ದೇವರಾಜ ಅರಸು. 1979ರಲ್ಲಿ ಇಂದಿರಾ ಪಕ್ಷದಿಂದ ಉಚ್ಚಾಟಿತರಾದಾಗ ಬಹುಪಾಲು ಶಾಸಕರು ಅವರ ಬೆನ್ನಿಗಿದ್ದರು, ಸರ್ಕಾರವೂ ಉಳಿದಿತ್ತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಪಾಲಾದೊಡನೆ ಆ ಶಾಸಕರೂ ದಂಡಿಯಾಗಿ ಆ ಕಡೆ ನಡೆದರು. ಅರಸು ರಾಜೀನಾಮೆ ಕೊಟ್ಟರು.

ಸಂಸ್ಥಾ ಕಾಂಗ್ರೆಸ್ 1977ರಲ್ಲಿ ಜನತಾ ಪಕ್ಷದೊಳಗೆ ಕರಗಿತು. ಅದೇ ವರ್ಷ, 1969ರಲ್ಲಿ ಸೋತಿದ್ದ ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ನೆಲೆಸಿ, 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ ತೀರಿಕೊಂಡರು; ಊರ ಹೊರಗಿನ ಸೀಬಾರದಲ್ಲಿ ಅವರ ಸಮಾಧಿಯಿದೆ. ಪಕ್ಷ ಒಡೆದಾಗಲೆಲ್ಲ ವಕೀಲರು ಉದ್ಧರಿಸುವ 1971ರ ಆ ಮೊಕದ್ದಮೆಗೆ ಅವರ ಹೆಸರಿಲ್ಲ. ಅರ್ಜಿ ಹಾಕಿದವರು ಅವರ ಪಕ್ಷದ ಸಾದಿಕ್ ಅಲಿ. ಕಾನೂನಿನ ಪುಸ್ತಕಗಳಲ್ಲಿ ಅದು ಸಾದಿಕ್ ಅಲಿ ಪ್ರಕರಣ.