ಲೆಕ್ಕದಲ್ಲಿ ಕೈತಪ್ಪು

ಮೈಸೂರು ಪೇಪರ್ ಮಿಲ್ಸಿನ ದೆಸೆಯಿಂದ ಹೆಸರು ಪಡೆದ ಭದ್ರಾವತಿಯ ಕಾಗದನಗರದವರಿಗೆ ಕಾಗದದ ಲೆಕ್ಕವೇ ತಕ್ಕ ಉದಾಹರಣೆ. ರೀಮಿಗೆ 500 ಹಾಳೆ (ಹಿಂದೆ 480ರ ಎಣಿಕೆಯೂ ಇದ್ದಿತು), 36 ರೀಮಿಗೆಷ್ಟು? ಕ್ರಮವನ್ನು ಚೆನ್ನಾಗಿ ಬಲ್ಲ ಬಾಲಕಿಯೂ ಅವಸರದಲ್ಲಿ 36ನ್ನು 63 ಎಂದಿಳಿಸಿ, 18,000ಕ್ಕೆ ಬದಲು 31,500 ಬರೆಯುವಳು. ಅಂಕಗಳು ಹೋಗುವುದಲ್ಲದೆ, ತನಗೆ ಗಣಿತವೇ ಬಾರದೆಂದು ಆಕೆ ಕೈಬಿಡುವುದು ನಮಗೆ ಹೆಚ್ಚಿನ ವ್ಯಥೆ.

ಒಂಬತ್ತನ್ನು ಕಳೆದು ತಾಳೆನೋಡುವ ಹಳೆಯ ಉಪಾಯವು ಇಲ್ಲಿ ಸಲ್ಲದು. ಅಂಕಿಗಳು ಸ್ಥಾನಪಲ್ಲಟವಾದರೂ ಅವುಗಳ ಮೊತ್ತವು ಬದಲಾಗದಷ್ಟೆ. ಮಾಡಿದ ಗುಣಾಕಾರವನ್ನೇ ಪುನಃ ಓದುವುದನ್ನೂ ನಾವು ತಾಳೆಯೆಂದು ಎಣಿಸುವುದಿಲ್ಲ; ಕಣ್ಣು ತಾನು ಬರೆದುದನ್ನೇ ಒಪ್ಪುವುದು. ಉತ್ತರಪತ್ರಿಕೆಯನ್ನು ಮುಚ್ಚಿ, ಪ್ರಶ್ನಪತ್ರಿಕೆಯನ್ನು ಮಾತ್ರ ನೋಡಿ ಅಂದಾಜು ಮಾಡಬೇಕು. ನಲವತ್ತು ರೀಮಿಗೇ 20,000 ಹಾಳೆಗಳಾದಲ್ಲಿ, 36 ರೀಮಿಗೆ 31,500 ಎಲ್ಲಿಂದ ಬಂದಾವು?