ಕಲ್ಲು ಒಂದೇ, ಬೆಳಕು ಹಲವು

ಛಾಯಾಚಿತ್ರ ಎಂದರೇನು? ಎದುರಿಗಿರುವ ವಸ್ತುವಿನ ಪಡಿಯಚ್ಚು ಎಂದು ಹೆಚ್ಚಿನವರು ಥಟ್ಟನೆ ಹೇಳಿಯಾರು. ಭೌತವಿಜ್ಞಾನವನ್ನು ಓದುವವರು ಈ ಉತ್ತರದಿಂದ ತೃಪ್ತರಾಗಬಾರದು. ಕ್ಯಾಮರಾದ ಒಳಕ್ಕೆ ಕೋಟೆಯೂ ಹೋಗುವುದಿಲ್ಲ, ಗೋಡೆಯೂ ಹೋಗುವುದಿಲ್ಲ. ಅವುಗಳ ಮೇಲೆ ಬಿದ್ದು ಮರಳಿದ ಬೆಳಕು ಮಾತ್ರ ಮಸೂರವನ್ನು ದಾಟಿ ಒಳಹೊಗುತ್ತದೆ. ಆ ಬೆಳಕು ಎಲ್ಲಿಂದ ಬಂತು, ಯಾವ ಕೋನದಲ್ಲಿ ಬಿದ್ದಿತು, ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂಬುದನ್ನು ತಿಳಿಯದೆ ಚಿತ್ರ ತೆಗೆಯ ಹೊರಟವನು ಕಲ್ಲನ್ನು ಕಂಡರೂ ಚಿತ್ರದಲ್ಲಿ ಅದನ್ನು ಕಾಣಲಾರ. ನಾವೂ ಇದನ್ನು ಒಂದು ಬೆಳಗಿನ ಸೋಲಿನಿಂದಲೇ ಕಲಿತೆವು.

ಮೇ ತಿಂಗಳ ಕೊನೆಯ ಒಂದು ದಿನ, ಕೆಲವು ವಿದ್ಯಾರ್ಥಿಗಳೊಡನೆ ಯಾದಗಿರಿ, ಶಹಾಪುರ, ಸುರಪುರಗಳ ಕಟ್ಟಡಗಳ ಚಿತ್ರ ತೆಗೆಯಲೆಂದು ಹೊರಟೆವು. ಹಳೆಯ ಕೋಟೆಗಳಿಗೂ ಬಣ್ಣದ ಮನೆಗಳಿಗೂ ಇಲ್ಲಿ ಕೊರತೆಯಿಲ್ಲ. ಒಂದೆರಡು ಕ್ಯಾಮರಾಗಳೂ ಹಲವು ಮೊಬೈಲುಗಳೂ ನಮ್ಮಲ್ಲಿದ್ದವು.

ಸೂರ್ಯನ ಎದುರು ನಿಂತ ತಪ್ಪು

ಯಾದಗಿರಿ ಭೀಮಾ ನದಿಯ ಎಡದಂಡೆಯ ಕಡೆಗಿರುವ ಊರು. 2009ರ ಡಿಸೆಂಬರಿನಲ್ಲಿ ಜಿಲ್ಲೆಯಾಗುವವರೆಗೆ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಊರಿನ ತಲೆಯ ಮೇಲೆ ಕಣಶಿಲೆಯ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಶಹಾಪುರದ ರಸ್ತೆಯಲ್ಲಿ ನದಿಯನ್ನು ದಾಟಿ, ಪಡುವಣ ದಂಡೆಯಲ್ಲಿ ನಿಂತು, ಬೇಸಗೆಯ ತೆಳುನೀರು, ಬಂಡೆಗಳು, ದೂರದ ಬೆಟ್ಟ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ನಮ್ಮ ಆಸೆಯಾಗಿತ್ತು. ಬೆಳಗಿನ ಆರೂವರೆಗೆ ಅಲ್ಲಿ ನಿಂತು ಮೂವತ್ತು ನಲವತ್ತು ಚಿತ್ರ ತೆಗೆದೆವು. ನೋಡಿದರೆ ಎಲ್ಲದರಲ್ಲಿಯೂ ಆಕಾಶ ಬೆಳ್ಳಗೆ, ಬೆಟ್ಟ ಮಸಿಯ ಮುದ್ದೆ! ಕೋಟೆಯ ಒಂದು ಕಲ್ಲೂ ಬಿಡಿಯಾಗಿ ಕಾಣದು.

ತಪ್ಪು ಕ್ಯಾಮರಾದ್ದಲ್ಲ. ಪಡುವಣ ದಂಡೆಯಿಂದ ಮೂಡಣಕ್ಕೆ ಮುಖಮಾಡಿದ್ದ ನಮಗೆ ಸೂರ್ಯ ಬೆಟ್ಟದ ಹಿಂದಿದ್ದ. ನಮ್ಮ ಕಡೆಯ ಬಂಡೆಗಳಿಗೆ ಆಕಾಶದ ಚೆಲ್ಲಿದ ಬೆಳಕು ಮಾತ್ರ ದೊರೆಯುತ್ತಿತ್ತು. ನಮ್ಮ ಕಣ್ಣು ಒಮ್ಮೆ ಆಕಾಶಕ್ಕೆ, ಒಮ್ಮೆ ಬಂಡೆಗೆ ಹೊಂದಿಕೊಳ್ಳುತ್ತ, ಎರಡನ್ನೂ ಸೇರಿಸಿ ಮನಸ್ಸಿಗೆ ಒಪ್ಪಿಸುತ್ತದೆ. ಕ್ಯಾಮರಾ ಒಂದು ಚಿತ್ರಕ್ಕೆ ಒಂದೇ ಅಳತೆಯ ಬೆಳಕನ್ನು ಒಳಗೆ ಬಿಡುತ್ತದೆ. ಉಜ್ವಲವಾದ ಆಕಾಶಕ್ಕೆ ಆ ಅಳತೆ ಸರಿಹೋದರೆ ನೆರಳಿನ ಬೆಟ್ಟ ಕಪ್ಪಾಗಲೇಬೇಕು. ದಿಕ್ಕುಗಳನ್ನು ತರಗತಿಯಲ್ಲಿ ಕಲಿಸುವ ನಾವೇ ಹೀಗೆ ಎಡವಿದುದನ್ನು ಕಂಡು ವಿದ್ಯಾರ್ಥಿಗಳು ಮುಸಿಮುಸಿ ನಕ್ಕರು. ಸಂಜೆ ಇದೇ ಸ್ಥಳಕ್ಕೆ ಮರಳುವುದೆಂದು ನಿರ್ಧರಿಸಿ ಮುಂದೆ ಸಾಗಿದೆವು.

ಮಲಗಿದ ಬುದ್ಧ

ಶಹಾಪುರವನ್ನು ಸಮೀಪಿಸುತ್ತಿರುವಂತೆ ಬೆಟ್ಟಗಳ ಸಾಲು ಒಬ್ಬ ಮನುಷ್ಯನು ಅಂಗಾತ ಮಲಗಿದಂತೆ ತೋರುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಜನ ಇದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಇದನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಬೇರೆಬೇರೆ ಗುಡ್ಡಗಳ ಅಂಚುಗಳು ಒಂದೇ ಗೆರೆಯಲ್ಲಿ ಕೂಡಿಕೊಂಡು ಈ ರೂಪವನ್ನು ಕಟ್ಟಿಕೊಡುತ್ತವೆ.

ನಮ್ಮ ಎರಡು ಕಣ್ಣುಗಳ ನಡುವಣ ಅಂತರ ಸುಮಾರು ಆರೂವರೆ ಸೆಂಟಿಮೀಟರು. ಹತ್ತಿರದ ವಸ್ತುಗಳನ್ನು ಎರಡು ಕಣ್ಣುಗಳು ತುಸು ಬೇರೆಯಾಗಿ ಕಾಣುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತಿಳಿಯುತ್ತದೆ. ಕಿಲೋಮೀಟರುಗಳಾಚೆಯ ಗುಡ್ಡಗಳಿಗೆ ಈ ಅಂತರ ಏನೇನೂ ಸಾಲದು. ಹಿಂದಿನ ಗುಡ್ಡವೂ ಮುಂದಿನ ಗುಡ್ಡವೂ ಒಂದೇ ಪರದೆಯ ಮೇಲೆ ಅಂಟಿಸಿದಂತೆ ಕಾಣುತ್ತವೆ. ಒಂದೇ ಕಣ್ಣಿನ ಕ್ಯಾಮರಾಕ್ಕಂತೂ ಭೇದವೇ ತಿಳಿಯದು. ಒಬ್ಬ ವಿದ್ಯಾರ್ಥಿ ರಸ್ತೆಯುದ್ದಕ್ಕೂ ಅಲ್ಲಲ್ಲಿ ನಿಂತು ಚಿತ್ರ ತೆಗೆದ. ಸಾಲಾಗಿ ಜೋಡಿಸಿ ನೋಡಿದಾಗ ಮೂಗು ಗಲ್ಲದಿಂದ ಸರಿಯುತ್ತ, ಮುಖ ಮೆಲ್ಲನೆ ಕಳಚಿಕೊಳ್ಳುತ್ತ ಹೋಯಿತು. ಎಲ್ಲಿ ನಿಂತು ತೆಗೆದೆವೆಂಬುದು ಏನನ್ನು ತೆಗೆದೆವೆಂಬುದರಷ್ಟೇ ಮುಖ್ಯವೆಂದು ಅವನಿಗೆ ನಾವು ಬೇರೆ ಹೇಳಬೇಕಾಗಲಿಲ್ಲ.

ನೀಲಿ ಗೋಡೆಯ ಒಗಟು

ಸುರಪುರ ಗುಡ್ಡಗಳ ನಡುವಿನ ನಾಯಕ ದೊರೆಗಳ ರಾಜಧಾನಿ. ಅರಮನೆ, ದೇವಾಲಯಗಳ ಜೊತೆಗೆ ಸಾಮಾನ್ಯರ ಮನೆಗಳೂ ಇಲ್ಲಿ ಬಣ್ಣಕ್ಕೆ ಹಿಂದೆಗೆಯುವುದಿಲ್ಲ. ಒಂದು ಓಣಿಯಲ್ಲಿ ಸುಣ್ಣದ ಬಿಳಿ, ಕೆಮ್ಮಣ್ಣಿನ ಪಟ್ಟೆ, ಗಾಢ ನೀಲಿ, ಗಿಳಿಹಸಿರು ಒಂದರ ಪಕ್ಕಕ್ಕೆ ಒಂದಿದ್ದವು. ಇಲ್ಲಿ ಎರಡು ಒಗಟುಗಳು ಎದುರಾದವು.

ಮೊದಲನೆಯದು: ಸುಣ್ಣದ ಗೋಡೆ ಚಿತ್ರದಲ್ಲಿ ಬೂದುಬಣ್ಣಕ್ಕೆ ತಿರುಗಿತು. ಬೆಳಕನ್ನು ಅಳೆಯುವ ಮಾಪಕ, ಎದುರಿನ ದೃಶ್ಯ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮರಳಿಸುತ್ತದೆಂಬ ಊಹೆಯಿಂದ ಕೆಲಸ ಮಾಡುತ್ತದೆ. ಹೊಸದಾಗಿ ಬಳಿದ ಸುಣ್ಣ ಶೇಕಡಾ 80ರಷ್ಟನ್ನು ಮರಳಿಸಬಲ್ಲದು. ಬೆಳಕು ನಾಲ್ಕು ಪಟ್ಟು ಹೆಚ್ಚೆಂದು ಬಗೆದ ಯಂತ್ರ ಅದನ್ನು ನಾಲ್ಕನೆಯ ಒಂದಕ್ಕೆ ಇಳಿಸುತ್ತದೆ. ಬಿಳಿ ಬಿಳಿಯಾಗಿ ಉಳಿಯಬೇಕಾದರೆ ನಾವು ಬೆಳಕನ್ನು ಬೇಕೆಂದೇ ಹೆಚ್ಚಿಸಬೇಕು.

ಎರಡನೆಯದು: ಗಾಢ ನೀಲಿಯ ಗೋಡೆ ಮಾಸಲಾಗಿ, ಜೀವವಿಲ್ಲದಂತೆ ಬಂದಿತು. ಮೊಬೈಲಿನ ಸಂವೇದಕದಲ್ಲಿ ಸಾಮಾನ್ಯವಾಗಿ ನಾಲ್ಕು ಕೋಶಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಸೋಸುಗಗಳಿರುತ್ತವೆ. ಇದು ಬ್ರೈಸ್ ಬೇಯರ್ ಎಂಬಾತನ ಏರ್ಪಾಡು, 1976ರಲ್ಲಿ ಪೇಟೆಂಟ್ ಪಡೆದುದು. ಈ ಮೂರು ಅಳತೆಗಳನ್ನು ಕೂಡಿಸಿ, ಬೆಳಕಿನ ಬಣ್ಣವೇನೆಂದು ಯಂತ್ರ ಅಂದಾಜು ಮಾಡುತ್ತದೆ. ಚಿತ್ರದ ತುಂಬ ನೀಲಿಯೇ ಇದ್ದರೆ, ಗೋಡೆ ನೀಲಿಯೋ, ಬೆಳಕೇ ನೀಲಿಯೋ ಎಂಬುದು ಅದಕ್ಕೆ ಹೊಳೆಯದು. ಬೆಳಕೇ ನೀಲಿಯೆಂದು ತಪ್ಪಾಗಿ ತಿಳಿದು ಹಳದಿಯನ್ನು ಬೆರೆಸಿ ಗೋಡೆಯ ಬಣ್ಣವನ್ನು ಕೆಡಿಸುತ್ತದೆ. ಪರಿಹಾರ ಸುಲಭ. ಗೋಡೆಗೆ ಒಂದು ಬಿಳಿಯ ಹಾಳೆಯನ್ನು ಒರಗಿಸಿ ಆ ಹಾಳೆ ಬಿಳಿಯಾಗಿ ಕಾಣುವಂತೆ ಬಣ್ಣವನ್ನು ಹೊಂದಿಸಿದರೆ ಉಳಿದುದು ತಾನೇ ಸರಿಹೋಗುತ್ತದೆ.

ಹಾಳೆಯನ್ನು ಹಿಡಿದು ನಿಂತ ನಮ್ಮನ್ನು ಕಂಡು ಮನೆಯ ಮುದುಕಿ ಹೊರಗೆ ಬಂದಳು. "ಯಾಕ್ರೀ, ನಮ್ಮ ಗ್ವಾಡಿ ಫೋಟೋ ಯಾಕ ತಗೀಲಿಕ್ಹತ್ತೀರಿ?" ಕಾರಣವನ್ನು ವಿವರಿಸಿ ಅಪ್ಪಣೆ ಕೇಳಿದೆವು. ಅವಳು ನಕ್ಕು, ಬಾಗಿಲುವಾಡದ ಪಕ್ಕದಲ್ಲಿ ಚಕ್ಕೆ ಎದ್ದಿದ್ದ ಒಂದು ಜಾಗವನ್ನು ತೋರಿಸಿದಳು. ಮೇಲೆ ನೀಲಿ, ಅದರಡಿ ಹಸಿರು, ಅದರಡಿ ಸುಣ್ಣ, ಎಲ್ಲಕ್ಕೂ ಕೆಳಗೆ ಕೆಮ್ಮಣ್ಣು. "ಈ ಕೆಮ್ಮಣ್ಣ ನಾ ಮದಿವ್ಯಾಗಿ ಬಂದಾಗಿಂದು. ಆಮ್ಯಾಲಿಂದೆಲ್ಲ ಮಕ್ಕಳು ಬಳಸಿದ್ದು." ಒಂದು ಅಂಗೈಯಗಲದಲ್ಲಿ ಒಂದು ಮನೆಯ ಚರಿತ್ರೆ ಪದರು ಪದರಾಗಿ ಕುಳಿತಿತ್ತು. ಹಾಳೆಯನ್ನು ಪಕ್ಕಕ್ಕಿಟ್ಟು ಅದರ ಚಿತ್ರವನ್ನೂ ತೆಗೆದುಕೊಂಡೆವು.

ಕೆಂಪನ್ನು ಕಾಣದ ಕಾಗದ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಎಳೆಯ ದೊರೆ ವೆಂಕಟಪ್ಪನಾಯಕನ ಕಾಲದಲ್ಲಿ, 1853ರವರೆಗೆ, ಇಲ್ಲಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಕಟ್ಟಿಸಿದನು. ಬ್ರಿಟಿಷರ ವಿರುದ್ಧ ಎದ್ದ ಆ ದೊರೆ 1858ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಮಡಿದುದು ನಾಡಿಗೆ ತಿಳಿದ ಕಥೆ. ಟೇಲರನಿಗೂ ಛಾಯಾಗ್ರಹಣಕ್ಕೂ ಇದ್ದ ನಂಟು ಅಷ್ಟಾಗಿ ತಿಳಿದಿಲ್ಲ. ಬಿಜಾಪುರದ ಕಟ್ಟಡಗಳನ್ನೂ ಧಾರವಾಡ-ಮೈಸೂರು ಸೀಮೆಗಳ ಕಟ್ಟಡಗಳನ್ನೂ ಕುರಿತು 1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಛಾಯಾಚಿತ್ರ ಸಂಪುಟಗಳು ಪ್ರಕಟವಾದವು. ಅವುಗಳ ಚಾರಿತ್ರಿಕ ಭಾಗವನ್ನು ಬರೆದವನು ಇವನೇ. ಚಿತ್ರ ತೆಗೆದವರಲ್ಲಿ ಒಬ್ಬನಾದ ಥಾಮಸ್ ಬಿಗ್ಸ್ 1855ರಲ್ಲಿ ಬೊಂಬಾಯಿ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡವನು.

ಅಂದಿನ ನೆಗೆಟಿವ್ ಬೆಳ್ಳಿಯ ಲವಣ ಹಚ್ಚಿದ ಕಾಗದ. ಆ ಲವಣಕ್ಕೆ ನೇರಿಳೆ, ನೀಲಿ ಕಿರಣಗಳು ಮಾತ್ರ ಚೆನ್ನಾಗಿ ತಟ್ಟುತ್ತಿದ್ದವು. ಕೆಂಪು ಕಿರಣ ಬಿದ್ದರೂ ಬೀಳದಂತೆಯೇ. ಆದುದರಿಂದ ಹಳೆಯ ಚಿತ್ರಗಳಲ್ಲಿ ನೀಲಿಯ ಆಕಾಶ ಬರಿಯ ಬಿಳುಪು. ನಾವು ಕಂಡ ಓಣಿಯನ್ನು ಬಿಗ್ಸ್ ತೆಗೆದಿದ್ದರೆ ಮುದುಕಿಯ ನೀಲಿ ಗೋಡೆ ಬೆಳ್ಳಗೆ, ಪಕ್ಕದ ಕೆಮ್ಮಣ್ಣು ಕಪ್ಪಗೆ ಬರುತ್ತಿತ್ತು. ಕಾಗದದ ಈ ಸ್ವಭಾವ ತಿಳಿಯದವನು ಆ ಚಿತ್ರವನ್ನು ನೋಡಿ ಮನೆಯ ಬಣ್ಣವನ್ನೇ ತಲೆಕೆಳಗಾಗಿ ಓದಿಯಾನು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್, ಬೆಳ್ಳಿಯ ಲವಣಕ್ಕೆ ತಕ್ಕ ಬಣ್ಣದ್ರವ್ಯವನ್ನು ಬೆರೆಸಿದರೆ ಅದು ಹಸಿರು ಮೊದಲಾದ ಕಿರಣಗಳಿಗೂ ಎಚ್ಚರಗೊಳ್ಳುವುದೆಂದು ತೋರಿಸಿದ ಮೇಲೆ ಈ ಕುರುಡು ಕ್ರಮೇಣ ನೀಗಿತು.

ನಡುಹಗಲಿನ ಉಪಕಾರ

ನಡುಹಗಲಿನಲ್ಲಿ ಚಿತ್ರ ತೆಗೆಯಬಾರದು ಎಂಬುದು ಛಾಯಾಗ್ರಾಹಕರ ಗಾದೆಯಂತಹ ಮಾತು. ಹಿಂದಿರುಗುವ ದಾರಿಯ ಒಂದು ಹಳ್ಳಿಯಲ್ಲಿ ಈ ಮಾತಿಗೆ ಅಪವಾದವನ್ನು ಕಂಡೆವು. ಹಳೆಯ ಗುಡಿಯೊಂದರ ಬಡಗಣ ಗೋಡೆಯಲ್ಲಿ ಸವೆದ ಶಾಸನವಿತ್ತು. ನಾವು ಹೋದಾಗ ಅಲ್ಲಿ ಅಕ್ಷರಗಳಿವೆ ಎಂಬುದೇ ಅನುಮಾನ. ಬುತ್ತಿ ಬಿಚ್ಚಿ ನೆರಳಿನಲ್ಲಿ ಕುಳಿತೆವು. ಹನ್ನೆರಡು ದಾಟಿದ ಮೇಲೆ ಒಬ್ಬ ವಿದ್ಯಾರ್ಥಿನಿ "ಸರ್, ಅಕ್ಷರ ಎದ್ದಾವು!" ಎಂದು ಕೂಗಿದಳು. ಬರಿಯ ಕಲ್ಲೆಂದು ಕಂಡ ಗೋಡೆಯ ಮೇಲೆ ಸಾಲಿಗೆ ಸಾಲು ಹಳಗನ್ನಡದ ಲಿಪಿ ಮೂಡಿ ನಿಂತಿತ್ತು.

ಇದರ ಲೆಕ್ಕ ಹೀಗೆ. ಈ ಸೀಮೆಯ ಅಕ್ಷಾಂಶ ಉತ್ತರಕ್ಕೆ 16.5ರಿಂದ 16.8 ಡಿಗ್ರಿ. ಮೇ ಮೊದಲ ವಾರದ ಹೊತ್ತಿಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಬಳಿಕ ಬಡಗಣಕ್ಕೆ ಸರಿದು, ಆಗಸ್ಟ್ ಮೊದಲ ವಾರದಲ್ಲಿ ಮತ್ತೆ ನೆತ್ತಿಗೆ ಮರಳುತ್ತಾನೆ. ಮೇ ಕೊನೆಗೆ ಅವನು ನೆತ್ತಿಯಿಂದ ಸುಮಾರು 5 ಡಿಗ್ರಿ ಬಡಗಣಕ್ಕಿರುತ್ತಾನೆ. ಅಂದರೆ ಬಡಗಣ ಗೋಡೆಯನ್ನು ಬೆಳಕು 5 ಡಿಗ್ರಿಯ ಕೋನದಲ್ಲಿ ಸವರಿಕೊಂಡು ಇಳಿಯುತ್ತದೆ. ಕಲ್ಲಿನ ಮೇಲಿನ 2 ಮಿಲಿಮೀಟರ್ ಏರು ಆಗ ಸುಮಾರು 23 ಮಿಲಿಮೀಟರ್ ಉದ್ದದ ನೆರಳನ್ನು ಚೆಲ್ಲುತ್ತದೆ. 45 ಡಿಗ್ರಿಯ ಬೆಳಕಿನಲ್ಲಿ ಅದೇ ನೆರಳು 2 ಮಿಲಿಮೀಟರ್ ಮಾತ್ರ. ಸವೆದ ಅಕ್ಷರದ ತಗ್ಗು ಎಷ್ಟೇ ಕಿರಿದಾದರೂ ಅದರೊಳಕ್ಕೆ ನೆರಳು ತುಂಬಿಕೊಳ್ಳುತ್ತದೆ, ಅಂಚು ಹೊಳೆಯುತ್ತದೆ.

ಈ ಮುಹೂರ್ತ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ಯಾದಗಿರಿ ಇರುವುದು 77.1ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 21 ನಿಮಿಷ ತಡ. ಮೇ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿರುವುದರಿಂದ ಅದನ್ನು ಕಳೆದರೆ 12 ಗಂಟೆ 19 ನಿಮಿಷ. ಸ್ವಲ್ಪ ಹೊತ್ತಿನಲ್ಲಿಯೇ ಬೆಳಕು ಓರೆಯಾಗಿ, ಅಕ್ಷರಗಳು ಮತ್ತೆ ಕಲ್ಲಿನಲ್ಲಿ ಅಡಗತೊಡಗಿದವು. ಸುಣ್ಣವನ್ನಾಗಲಿ ಸೀಮೆಸುಣ್ಣವನ್ನಾಗಲಿ ತುಂಬಿ ಶಾಸನವನ್ನು ಓದುವ ಕೆಟ್ಟ ರೂಢಿಗೆ ಇನ್ನು ನೆಪವೆಲ್ಲಿ? ಕಲ್ಲನ್ನು ಮುಟ್ಟದೆಯೇ ಓದಿಸುವ ದೀಪ ಆಕಾಶದಲ್ಲಿದೆ.

ಚಿತ್ರವು ಸಾಕ್ಷಿಯಾಗುವ ಬಗೆ

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಕಟ್ಟಡಗಳನ್ನು ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದನು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಏನು ಬಿದ್ದಿದೆ, ಏನು ಉಳಿದಿದೆ, ಯಾವುದನ್ನು ಮತ್ತೆ ಕಟ್ಟಲಾಗಿದೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಗ್ರೀನ್‌ಲಾ ತನ್ನ ಕಾಲಕ್ಕೆ ತೆಗೆದ ಚಿತ್ರ ನೂರಿಪ್ಪತ್ತೇಳು ವರ್ಷಗಳ ತರುವಾಯ ಅಳತೆಗೋಲಾಯಿತು.

ನಮ್ಮ ಕೈಯ ಮೊಬೈಲಿನಿಂದಲೂ ಈ ಕೆಲಸ ಸಾಧ್ಯ. ಎ-4 ಅಳತೆಯ ಒಂದು ಹಾಳೆ ಸಾಕು. ಅದು 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದವಿರುವುದರಿಂದ ಅಳತೆಗೋಲೂ ಹೌದು, ಬಿಳಿಯಾದುದರಿಂದ ಬಣ್ಣದ ಒರೆಗಲ್ಲೂ ಹೌದು. ಮೊದಲು ಹಾಳೆಯೊಡನೆ ಒಂದು ಚಿತ್ರ, ಬಳಿಕ ಹಾಳೆಯಿಲ್ಲದೆ ಒಂದು. ಕ್ಯಾಮರಾವನ್ನು ಗೋಡೆಗೆ ನೇರವಾಗಿ ಹಿಡಿಯಬೇಕು. ಮೇಲಕ್ಕೆ ಓರೆಮಾಡಿದರೆ ಗೋಪುರ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ದಿನಾಂಕ, ಗಂಟೆ, ನಿಂತ ಜಾಗ, ಮುಖಮಾಡಿದ ದಿಕ್ಕು ಇವನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕು. ಮನೆಯವರ ಅಪ್ಪಣೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು.

ಸಂಜೆ ಭೀಮೆಯ ದಂಡೆಗೆ ಮರಳಿದೆವು. ಬೆಳಗಿನ ಮಸಿಯ ಬೆಟ್ಟ ಈಗ ಕೆಂಡದ ಬಣ್ಣ ತಾಳಿತ್ತು. ಸೂರ್ಯ ನಮ್ಮ ಬೆನ್ನ ಹಿಂದಿದ್ದ. ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿದ್ದಾಗ ಅವನ ಬೆಳಕು ನೆತ್ತಿಯಲ್ಲಿರುವಾಗಿನ ಐದೂವರೆ ಪಟ್ಟು ಗಾಳಿಯನ್ನು ದಾಟಿ ಬರಬೇಕು. ರ್‍ಯಾಲೆಯ ನಿಯಮದಂತೆ ಗಾಳಿಯ ಕಣಗಳು ಕೆಂಪಿಗಿಂತ ನೀಲಿಯನ್ನು ಸುಮಾರು ನಾಲ್ಕು ಪಟ್ಟು ಹೆಚ್ಚು ಚದರಿಸುವುದರಿಂದ, ಉಳಿದು ಬರುವುದರಲ್ಲಿ ಕೆಂಪೇ ಮೇಲುಗೈ. ಕೋಟೆಯ ಕಲ್ಲೊಂದೊಂದೂ ತನ್ನ ನೆರಳಿನೊಡನೆ ಬಿಡಿಬಿಡಿಯಾಗಿ ನಿಂತಿತ್ತು. ಬೆಳಗ್ಗೆ ನಲವತ್ತರಿಂದ ಆಗದುದು ಸಂಜೆ ಒಂದೇ ಚಿತ್ರದಿಂದ ಆಯಿತು.

ದೀಪಾವಳಿಯ ಬಳಿಕ ಮುದುಕಿಗೆ ಚಿತ್ರದ ಪ್ರತಿಗಳನ್ನು ಕೊಡಲೆಂದು ಸುರಪುರಕ್ಕೆ ಹೋದೆವು. ಗೋಡೆ ಗುಲಾಬಿಯಾಗಿತ್ತು. ಬಾಗಿಲುವಾಡದ ಪಕ್ಕದ ಚಕ್ಕೆಯನ್ನು ಕೆರೆದು ಸಿಮೆಂಟು ಮೆತ್ತಿದ್ದರು. ಅವಳು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಎಲ್ಲಕ್ಕೂ ಕೆಳಗಿನ ಕೆಂಪು ಪದರಿನ ಮೇಲೆ ಬೆರಳಿಟ್ಟು, "ಇಲ್ಲೇ ಐತಿ ನೋಡ್ರಿ" ಎಂದಳು. ನಿಮ್ಮ ಊರಿನಲ್ಲಿಯೂ ಮುಂದಿನ ಹಬ್ಬಕ್ಕೆ ಮಾಯವಾಗಲಿರುವ ಒಂದು ಗೋಡೆಯಿದ್ದೀತು. ಅದರ ಮೇಲೆ ಬೆಳಕು ಯಾವ ಹೊತ್ತಿಗೆ ಚೆನ್ನಾಗಿ ಬೀಳುವುದೆಂದು ನಾಳೆಯೇ ನೋಡಿಟ್ಟುಕೊಳ್ಳಿ.