ಚಿನ್ನದ ಗುಂಡಿಯಿಂದ ಕೋಕೋ ತೋಟದವರೆಗೆ
ಪಂದಲೂರು ಸೀಮೆಯ ರೈತರ ಒಂದು ದಿನದ ಪ್ರವಾಸ

ಚಹಾ ಸೊಪ್ಪಿನ ಬೆಲೆ ಕೂಲಿಗೆ ಸಾಲದೆಂಬ ಮಾತು ಗೂಡಲೂರು, ಪಂದಲೂರು ಸೀಮೆಯ ಸಣ್ಣ ಹಿಡುವಳಿದಾರರ ಬಾಯಲ್ಲಿ ಹೊಸದಲ್ಲ. ಹೀಗಿರುವಾಗ 2024ರ ಬೇಸಿಗೆಯಲ್ಲಿ ಗಡಿಯಾಚೆಯ ಕೇರಳದ ಪೇಟೆಗಳಲ್ಲಿ ಒಣ ಕೋಕೋ ಬೀಜ ಕಿಲೋ ಒಂದಕ್ಕೆ ಸಾವಿರ ರೂಪಾಯಿ ಮುಟ್ಟಿತೆಂಬ ಸುದ್ದಿ ಬಂದುದೇ ತಡ, ಚಹಾ ಕಿತ್ತು ಕೋಕೋ ನೆಡೋಣವೇ ಎಂಬ ಪ್ರಶ್ನೆ ಮನೆಮನೆಯಲ್ಲಿ ಎದ್ದಿತು. ಬರಿಯ ಸುದ್ದಿಯನ್ನು ನಂಬಿ ಗಿಡ ಕೀಳುವುದಕ್ಕಿಂತ ಕಣ್ಣಾರೆ ನೋಡಿ ಬರುವುದು ಮೇಲೆಂದು ನಾವು ಹತ್ತು ಮಂದಿ ರೈತರು ಕೂಡಿ ಒಂದು ದಿನದ ಪ್ರವಾಸ ಮಾಡಿದೆವು. ದಾರಿಯಲ್ಲಿ ಹಳೆಯ ಕಾಲದ ಕುರುಹುಗಳನ್ನೂ ನೋಡಿದೆವು. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹೊರಡುವಾಗ ತೋರಿತ್ತು. ನೋಡುತ್ತ ಹೋದಂತೆ ಸಂಬಂಧ ತಿಳಿಯಿತು.

ದೇವಾಲದ ಸುರಂಗಗಳು

ಬೆಳಗಿನ ಹೊತ್ತು ದೇವಾಲ ಮತ್ತು ಪಂದಲೂರಿನ ಗುಡ್ಡಗಳಲ್ಲಿ ಕಳೆಯಿತು. ಚಹಾ ತೋಟಗಳ ಅಂಚಿನಲ್ಲಿ, ಕಾಡು ಮುಚ್ಚಿದ ಇಳಿಜಾರುಗಳಲ್ಲಿ ಹಳೆಯ ಚಿನ್ನದ ಗಣಿಯ ಗುಂಡಿಗಳೂ ಸುರಂಗಗಳೂ ಇಂದಿಗೂ ಇವೆ. ಇಲ್ಲಿನ ತೋಡುಗಳ ಮರಳನ್ನು ಜಾಲಿಸಿ ಚಿನ್ನದ ಕಣ ತೆಗೆಯುವ ವಿದ್ಯೆ ಪಣಿಯರಿಗೂ ಕುರುಂಬರಿಗೂ ಹಿಂದಿನಿಂದ ತಿಳಿದಿತ್ತು. ಅದನ್ನು ಕಂಡ ಬಿಳಿಯರು 1874ರಲ್ಲಿ ಆಲ್ಫಾ ಎಂಬ ಹೆಸರಿನ ಕಂಪನಿಯನ್ನು ಕಟ್ಟಿ ಬೆಣಚುಕಲ್ಲನ್ನು ಅಗೆಯತೊಡಗಿದರು. ಆಗ ಆಗ್ನೇಯ ವಯನಾಡೆಂದು ಕರೆಯುತ್ತಿದ್ದ ಈ ಪ್ರದೇಶ 1877ರಲ್ಲಿ ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. 1879ರಲ್ಲಿ ಸರಕಾರವು ಆಸ್ಟ್ರೇಲಿಯಾದಿಂದ ಬ್ರೌ ಸ್ಮಿತ್ ಎಂಬ ಗಣಿ ತಜ್ಞರನ್ನು ಕರೆಸಿತು. 1880ರಲ್ಲಿ ಅವರ ವರದಿ ಹೊರಬಿದ್ದೊಡನೆ ಲಂಡನ್ ಪೇಟೆಯಲ್ಲಿ ಹುಚ್ಚೇ ಹಿಡಿದಂತಾಯಿತು. ಹತ್ತಾರು ಕಂಪನಿಗಳು ಎದ್ದುವು. ಲಕ್ಷಗಟ್ಟಲೆ ಪೌಂಡುಗಳ ಬಂಡವಾಳ ಕೂಡಿತು. ರೋಗ ಬಡಿದು ಸೊರಗಿದ್ದ ಕಾಫಿ ತೋಟಗಳು ಚಿನ್ನದ ಭೂಮಿಯೆಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಿಹೋದುವು.

ಮುಂದೇನಾಯಿತು? ಕಲ್ಲಿನಲ್ಲಿ ಚಿನ್ನವಿತ್ತು, ಆದರೆ ಅಗೆದು ಕುಟ್ಟಿ ತೆಗೆಯುವ ಖರ್ಚನ್ನು ತುಂಬುವಷ್ಟು ಇರಲಿಲ್ಲ. ಎಷ್ಟಿದೆಯೆಂದು ಸರಿಯಾಗಿ ಅಳೆದು ನೋಡುವ ಮೊದಲೇ ಹಣವೆಲ್ಲ ಜಮೀನಿಗೂ ಕಟ್ಟಡಗಳಿಗೂ ಯಂತ್ರಗಳಿಗೂ ಸುರಿದುಹೋಗಿತ್ತು. ಚಳಿಜ್ವರ ಬೇರೆ ಜನರನ್ನು ಕಾಡಿತು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಒಂದೊಂದಾಗಿ ಮುಳುಗಿದುವು. ಘಟ್ಟ ಹತ್ತಿಸಿ ತಂದ ಯಂತ್ರಗಳು ಬಿದ್ದಲ್ಲಿಯೇ ತುಕ್ಕು ಹಿಡಿದುವು. ಅದೇ ಕಾಲಕ್ಕೆ ನಮ್ಮ ಮೈಸೂರು ಸೀಮೆಯ ಕೋಲಾರದಲ್ಲಿ ನಿಜವಾದ ಚಿನ್ನದ ಪದರ ಸಿಕ್ಕಿ, ಅಲ್ಲಿನ ಗಣಿ 2001ರವರೆಗೆ ನಡೆಯಿತು. ಹೆಸರು ಎರಡು ಕಡೆಯೂ ಚಿನ್ನವೇ, ವ್ಯತ್ಯಾಸವಿದ್ದುದು ನೆಲದಲ್ಲಿ. ರೈತನು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಇಲ್ಲಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಸುರಂಗದೊಳಕ್ಕೆ ಯಾರೂ ಕಾಲಿಡಕೂಡದು. ಕಳ್ಳತನದಿಂದ ಚಿನ್ನ ಅಗೆಯಹೋಗಿ ಮಣ್ಣು ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳನ್ನು ಕರೆದೊಯ್ದರೆ ದಾರಿಯಲ್ಲಿಯೇ ನಿಂತು ತೋರಿಸಿ, ವಿಷಯ ತಿಳಿಸಿ, ಮುಂದೆ ಸಾಗಬೇಕು. ಹೊತ್ತಿಗೆ ಮುಂಚೆ ಆನೆಗಳ ಓಡಾಟವೂ ಇರುವುದರಿಂದ ಬಿಸಿಲೇರಿದ ಮೇಲೆ ಹೊರಡುವುದು ಲೇಸು.

ಎಡಕಲ್ಲು

ಪಂದಲೂರಿನಿಂದ ಚೇರಂಬಾಡಿ, ಚೋಲಾಡಿ ದಾಟಿದರೆ ಕೇರಳದ ವಡುವಂಚಾಲ್. ಅಲ್ಲಿಂದ ಅಂಬಲವಯಲು. ಇದರ ಬಳಿಯ ಅಂಬುಕುತ್ತಿ ಬೆಟ್ಟದ ಮೇಲೆ ಎಡಕಲ್ಲು ಗುಹೆಯಿದೆ. ಗುಹೆಯೆಂದರೂ ಇದು ಕೊರೆದುದಲ್ಲ. ಎರಡು ಭಾರಿ ಬಂಡೆಗಳ ಬಿರುಕಿನ ಮೇಲೆ ಮೂರನೆಯದೊಂದು ಬಂಡೆ ಸಿಕ್ಕಿಕೊಂಡು ಚಾವಣಿಯಾಗಿದೆ. ಎಡೆಯಲ್ಲಿ ನಿಂತ ಕಲ್ಲಾದ್ದರಿಂದ ಎಡಕಲ್ಲು. ಕನ್ನಡಿಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. 1890ರ ಸುಮಾರಿನಲ್ಲಿ ಮಲಬಾರಿನ ಪೊಲೀಸು ಅಧಿಕಾರಿ ಫಾಸೆಟ್ ಎಂಬವರು ಇದನ್ನು ಕಂಡು ಹೊರಜಗತ್ತಿಗೆ ತಿಳಿಸಿದರು.

ಗೋಡೆಯ ತುಂಬ ಗೀರಿ ಕೊರೆದ ಚಿತ್ರಗಳಿವೆ. ತಲೆಗೆ ದೊಡ್ಡ ಅಲಂಕಾರ ಕಟ್ಟಿದ ಮನುಷ್ಯರು, ಪ್ರಾಣಿಗಳು, ಚಕ್ರದಂಥ ಗುರುತುಗಳು ಒಂದರ ಮೇಲೊಂದು ಬಂದಿವೆ. ಇವುಗಳಲ್ಲಿ ಹಳೆಯವು ಹೊಸ ಶಿಲಾಯುಗದವೆಂದು ತಿಳಿದವರು ಎಣಿಸುತ್ತಾರೆ. ಅಂದರೆ ಕಲ್ಲನ್ನು ಉಜ್ಜಿ ಕೊಡಲಿ ಮಾಡಿಕೊಂಡು ಮನುಷ್ಯನು ಬೇಸಾಯಕ್ಕೆ ಕೈಹಾಕಿದ ಕಾಲ. ಬಳಿಕದ ಕಾಲದವರು ಅದೇ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳಲ್ಲಿ ಬರೆಹಗಳನ್ನೂ ಕೊರೆದಿದ್ದಾರೆ. ಹತ್ತುವ ದಾರಿ ಕಡಿದಾಗಿದೆ. ವಯಸ್ಸಾದವರು ಕೋಲು ಹಿಡಿದು ನಿಧಾನವಾಗಿ ಏರಬೇಕು. ಸೋಮವಾರ ರಜೆ, ಮಳೆ ಬಿರುಸಾಗಿರುವಾಗ ವಿಚಾರಿಸಿಕೊಂಡೇ ಹೊರಡಬೇಕು.

ಕೋಕೋ ತೋಟದಲ್ಲಿ

ಮಧ್ಯಾಹ್ನಕ್ಕೆ ಅಂಬಲವಯಲಿನ ಕೆಳಗಿನ ಒಂದು ಅಡಕೆ ತೋಟಕ್ಕೆ ಹೋದೆವು. ತೋಟದ ಯಜಮಾನರು ಕಾಸರಗೋಡಿನ ಕಡೆಯಿಂದ ಬಂದು ನೆಲೆಸಿದ ಕನ್ನಡದವರು. ವಯನಾಡಿಗೆ ಕೋಕೋ ಹೊಸದಲ್ಲ. ಇಲ್ಲಿಂದ ದೂರವಲ್ಲದ ಚುಂಡೇಲಿನಲ್ಲಿ ಕ್ಯಾಡ್ಬರಿ ಕಂಪನಿ 1965ರಲ್ಲಿಯೇ ಮಾದರಿ ತೋಟ ಎಬ್ಬಿಸಿತ್ತು.

ಈ ಗಿಡದ ತವರು ಅಮೆರಿಕಾ ಖಂಡ. ಮಧ್ಯ ಅಮೆರಿಕಾದ ಮಾಯಾ ಜನರು ಕಲ್ಲಿನ ದೊಡ್ಡ ಗುಡಿಗಳನ್ನು ಕಟ್ಟಿದವರು. ಕೋಕೋ ಬೀಜವನ್ನು ಹುರಿದು ಬಾಗಿದ ಕಲ್ಲಿನ ಮೇಲೆ ಅರೆದು, ನೀರು, ಮೆಕ್ಕೆಜೋಳ, ಮೆಣಸಿನಕಾಯಿ ಬೆರೆಸಿ, ಮೇಲಿಂದ ಕೆಳಕ್ಕೆ ಹೊಯ್ದು ನೊರೆಯೆಬ್ಬಿಸಿ ಕುಡಿಯುತ್ತಿದ್ದರು. ನಮ್ಮ ಹೋಟೆಲುಗಳಲ್ಲಿ ಚಹಾವನ್ನು ಎತ್ತಿ ಹೊಯ್ಯುವಂತೆಯೇ. ಗ್ವಾಟೆಮಾಲಾ ದೇಶದ ರಿಯೋ ಅಸುಲ್ ಎಂಬಲ್ಲಿ ಸುಮಾರು ಸಾವಿರದೈನೂರು ವರ್ಷದ ಹಿಂದಿನ ಸಮಾಧಿಯಲ್ಲಿ ಸಿಕ್ಕ ಪಾತ್ರೆಯ ಮೇಲೆ ಕಕಾವ್ ಎಂಬ ಹೆಸರೇ ಬರೆದಿತ್ತು. ಒಳಗಿನ ಕಲೆಯನ್ನು ಪರೀಕ್ಷಿಸಿದಾಗ ಕೋಕೋದ ಸತ್ತ್ವವೂ ಕಂಡಿತು. ಸಕ್ಕರೆ ಹಾಕಿ ಸಿಹಿ ಮಾಡಿದವರು ಬಳಿಕ ಬಂದ ಐರೋಪ್ಯರು.

ಬೀಜದಿಂದ ಚಾಕೊಲೇಟು ಆಗುವ ಬಗೆಯನ್ನು ಯಜಮಾನರು ಮೊದಲಿನಿಂದ ತೋರಿಸಿದರು. ಅದನ್ನು ಪಾಠದಂತೆ ಕ್ರಮವಾಗಿ ಕೊಡುತ್ತೇವೆ.

ಮೊದಲನೆಯದು ಕೊಯ್ಲು. ಹಣ್ಣಾಗಿ ಹಳದಿ ತಿರುಗಿದ ಕಾಯಿಯನ್ನು ಮಾತ್ರ ಕತ್ತಿಯಿಂದ ಕೊಯ್ಯಬೇಕು. ತಿರುಚಿ ಎಳೆದರೆ ಕಾಂಡದ ಮೇಲೆ ಹೂ ಬಿಡುವ ಗಂಟು ಕೆಡುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಲಾಗಬೇಕು. ಕಾಯನ್ನು ಒಡೆಯುವಾಗ ಕತ್ತಿ ಸಲ್ಲದು, ಬೀಜಕ್ಕೆ ಗಾಯವಾಗುತ್ತದೆ. ಮರದ ಕೊಡತಿಯಿಂದಲೋ ಕಲ್ಲಿಗೆ ಬಡಿದೋ ಒಡೆಯಬೇಕು.

ಎರಡನೆಯದು ಹುಳಿಸುವುದು. ಬಿಳಿಯ ಲೋಳೆಯ ಸಹಿತ ಬೀಜವನ್ನು ಬಾಳೆಯೆಲೆ ಹಾಸಿದ ಬಿದಿರ ಬುಟ್ಟಿಯಲ್ಲಿ ತುಂಬಿ, ಮೇಲೂ ಎಲೆ ಮುಚ್ಚಿ ಕಲ್ಲು ಹೇರಬೇಕು. ಲೋಳೆ ನೀರಾಗಿ ಕೆಳಗೆ ಇಳಿಯುತ್ತದೆ. ರಾಶಿ ಕೈಗೆ ಸುಡುವಷ್ಟು ಬಿಸಿಯೇರುತ್ತದೆ. ಮೂರನೆಯ ದಿನವೂ ಐದನೆಯ ದಿನವೂ ಬೀಜವನ್ನು ಮಗುಚಬೇಕು. ಆರು ದಿನ ಕಳೆದ ಮೇಲೆ ಹದ ಬರುತ್ತದೆ. ಚಾಕೊಲೇಟಿನ ಪರಿಮಳ ಹುಟ್ಟುವುದು ಇಲ್ಲಿಯೇ. ಇದನ್ನು ತಪ್ಪಿಸಿದ ಬೀಜ ಎಷ್ಟು ಹುರಿದರೂ ಬರಿಯ ಕಹಿ.

ಮೂರನೆಯದು ಒಣಗಿಸುವುದು. ಚಾಪೆಯ ಮೇಲೆ ತೆಳ್ಳಗೆ ಹರಡಿ ಒಂದು ವಾರ ಬಿಸಿಲು ಕಾಣಿಸಬೇಕು. ಮುಷ್ಟಿಯಲ್ಲಿ ಹಿಚುಕಿದಾಗ ಚಟಚಟ ಸದ್ದು ಬಂದರೆ ಒಣಗಿದೆಯೆಂದು ತಿಳಿಯುವುದು. ಸುಮಾರು ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ. ಅದಕ್ಕೆ ಮೂವತ್ತಕ್ಕೂ ಮೇಲ್ಪಟ್ಟು ಕಾಯಿಗಳು ಬೇಕು.

ಮುಂದಿನದು ಅಡಿಗೆಮನೆಯ ಕೆಲಸ. ಮನೆಯ ಅಮ್ಮನವರು ಒಣ ಬೀಜವನ್ನು ಬಾಣಲೆಯಲ್ಲಿ ಹದ ಉರಿಯಿಂದ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ಮೊರದಲ್ಲಿ ಕೇರಿದರು. ಬಳಿಕ ರುಬ್ಬುವ ಕಲ್ಲಿಗೆ ಹಾಕಿದರು. ನಮ್ಮಲ್ಲೊಬ್ಬರು, “ನೀರು ಚಿಮುಕಿಸಬೇಡವೇ ಅಮ್ಮ?” ಎಂದು ಕೇಳಿದರು. “ಹನಿ ನೀರು ಬಿದ್ದರೂ ಕೆಟ್ಟಿತು ಅಣ್ಣ. ಅದರ ಎಣ್ಣೆಯಲ್ಲಿ ಅದೇ ಕರಗುತ್ತದೆ, ನೋಡುತ್ತಿರಿ” ಎಂದರು. ಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ಮೊದಲು ಪುಡಿಯಾದದ್ದು ಸ್ವಲ್ಪ ಹೊತ್ತಿನಲ್ಲಿ ಮುದ್ದೆಯಾಗಿ, ಮುದ್ದೆ ಕರಗಿ ಕಂದು ಬಣ್ಣದ ಗಟ್ಟಿ ಪಾಯಸದಂತಾಯಿತು. ಅದಕ್ಕೆ ಚೆನ್ನಾಗಿ ಒಣಗಿದ ಸಕ್ಕರೆ ಪುಡಿ ಸೇರಿಸಿ ಮತ್ತೆ ಅರೆದು, ತಟ್ಟೆಗೆ ಹೊಯ್ದು ತಣಿಸಿ ಬಿಲ್ಲೆ ಕತ್ತರಿಸಿದರು. ಅಂಗಡಿಯದರಷ್ಟು ನುಣುಪಿಲ್ಲ, ಸ್ವಲ್ಪ ಮರಳುಮರಳು. ಆದರೆ ರುಚಿ ಗಾಢ. ನುಣುಪು ಬೇಕಾದರೆ ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ದಿನ, ಅರೆಯಬೇಕು. ಅದಕ್ಕಾಗಿ ಹೊರದೇಶಗಳ ಸಣ್ಣ ಚಾಕೊಲೇಟು ತಯಾರಕರು ನಮ್ಮ ದೋಸೆಹಿಟ್ಟಿನ ಗ್ರೈಂಡರನ್ನೇ ತರಿಸಿಕೊಂಡು ಬಳಸುತ್ತಾರೆಂಬುದು ಸೋಜಿಗವಾದರೂ ನಿಜ.

ಬೆಲೆಯ ಮಾತು

ಊಟವಾದ ಬಳಿಕ ನಾವು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆವು: ಚಹಾ ಕಿತ್ತು ಇದನ್ನು ನೆಡಬಹುದೇ? ಯಜಮಾನರು ತಮ್ಮ ತಂದೆಯವರ ಕಾಲದ ಸಂಗತಿಯಿಂದ ಆರಂಭಿಸಿದರು. 1970ರ ದಶಕದಲ್ಲಿ ಕಂಪನಿಯ ಮಾತಿನಿಂದ ಉತ್ಸಾಹಗೊಂಡು ಕಾಸರಗೋಡು, ದಕ್ಷಿಣ ಕನ್ನಡಗಳ ಅಡಕೆ ತೋಟಗಳಲ್ಲಿ ಜನ ಕೋಕೋ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿಯಿತು. ಕೊಳ್ಳುವವರು ಹಿಂದೆ ಸರಿದರು. ಅನೇಕರು ಗಿಡ ಕಡಿದುಹಾಕಿದರು. ಆಗ ಕೈಹಿಡಿದುದು ಕ್ಯಾಂಪ್ಕೊ. ಕರ್ನಾಟಕ ಮತ್ತು ಕೇರಳದ ಅಡಕೆ ಬೆಳೆಗಾರರು ಕೂಡಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಈ ಸಹಕಾರಿ ಸಂಘ ಕೋಕೋವನ್ನೂ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ರಾಜ್ಯದ ಗಡಿ ನಕ್ಷೆಯಲ್ಲಿದ್ದರೂ ರೈತರ ಕಷ್ಟಕ್ಕೆ ಗಡಿಯಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮಾಯಾ ಜನರ ನಾಡಿನಲ್ಲಿಯೂ ಇಂಥದೇ ಕಥೆ ನಡೆಯಿತು. ಬೆಲೀಜ್ ದೇಶದ ಟೊಲೆಡೊ ಜಿಲ್ಲೆಯ ಮಾಯಾ ರೈತರು 1990ರ ದಶಕದ ಆರಂಭದಲ್ಲಿ ಬೆಲೆ ಬಿದ್ದು ಕೋಕೋವನ್ನು ಕೈಬಿಡುವುದರಲ್ಲಿದ್ದರು. ಸಂಘ ಕಟ್ಟಿಕೊಂಡಿದ್ದ ಅವರಿಂದ ಇಂಗ್ಲೆಂಡಿನ ಒಂದು ಕಂಪನಿ ನ್ಯಾಯವಾದ ಬೆಲೆಗೆ ಬೀಜ ಕೊಂಡು 1994ರಲ್ಲಿ ‘ಮಾಯಾ ಗೋಲ್ಡ್’ ಎಂಬ ಚಾಕೊಲೇಟು ತಂದಿತು. ಇಂದು ಆ ಜಿಲ್ಲೆಗೆ ಹೋದವರು ಲುಬಾಂತೂನ್ ಎಂಬ ಹಾಳು ಪಟ್ಟಣವನ್ನು ನೋಡಿ, ಅದೇ ದಿನ ಹಳ್ಳಿಯ ಮನೆಯಲ್ಲಿ ಚಾಕೊಲೇಟು ಅರೆಯುವುದನ್ನೂ ಕಂಡು ಬರುತ್ತಾರೆ.

ಇನ್ನು ಈಚಿನ ವರ್ಷಗಳ ಬೆಲೆ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾಗಳಿಂದ ಬರುತ್ತದೆ. ಅಲ್ಲಿ ಹವೆ ಕೆಟ್ಟು, ಗಿಡಗಳಿಗೆ ರೋಗ ತಗಲಿದ್ದರಿಂದ 2024ರ ಡಿಸೆಂಬರಿನಲ್ಲಿ ಬೆಲೆ ಟನ್ನಿಗೆ ಹನ್ನೆರಡು ಸಾವಿರ ಡಾಲರು ದಾಟಿತ್ತು. 2025ರ ಕೊನೆಯ ಹೊತ್ತಿಗೆ ಅದು ಅರ್ಧ ಇಳಿದಿತ್ತು. ಏರಿದ ಬೆಲೆ ನೋಡಿ ನೆಟ್ಟವನ ಗಿಡ ಫಲಕ್ಕೆ ಬರುವುದು ಮೂರು ನಾಲ್ಕು ವರ್ಷಕ್ಕೆ. ಆಗಿನ ಬೆಲೆಯನ್ನು ಹೇಳಬಲ್ಲವರಾರು?

ನಮ್ಮ ರೈತರಿಗೆ ಸೂಚನೆ

ಕೋಕೋ ಬೆಚ್ಚನೆಯ ನೆಲದ ಗಿಡ. ಹೆಚ್ಚು ಎತ್ತರದಲ್ಲಿ, ಚಳಿ ಹೆಚ್ಚಿದಲ್ಲಿ, ಅದು ಸೊರಗುತ್ತದೆ. ಆದುದರಿಂದ ಎತ್ತರದ ಚಹಾ ನೆಲಕ್ಕೆ ಇದು ಸಲ್ಲದು. ತಗ್ಗಿನಲ್ಲಿ ಅಡಕೆಯೋ ತೆಂಗೋ ಇದ್ದು ಬೇಸಿಗೆಯಲ್ಲಿ ನೀರಿರುವವರು ಅವುಗಳ ನೆರಳಿನಲ್ಲಿ ಹತ್ತಿಪ್ಪತ್ತು ಗಿಡ ನೆಟ್ಟು ಪರೀಕ್ಷಿಸಬಹುದು. ಅಡಕೆಯ ನಡುವೆ 2.7 ಮೀಟರ್ ಮತ್ತು 5.4 ಮೀಟರ್ ಅಂತರ ತಕ್ಕದ್ದು. ದೇವಾಲದಂಥ ಅತಿಮಳೆಯ ಸೀಮೆಯಲ್ಲಿ ಕಾಯಿ ಕಪ್ಪಾಗಿ ಕೊಳೆಯುವ ರೋಗ ಬರುತ್ತದೆ. ಕೊಳೆತ ಕಾಯನ್ನು ಕೂಡಲೇ ತೆಗೆದು, ಅಡಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ಇದಕ್ಕೂ ಹೊಡೆಯಬೇಕು. ಗೆಲ್ಲು ಸವರಿ ಗಾಳಿಯಾಡಲು ಬಿಡಬೇಕು. ಅಳಿಲು, ಇಲಿಗಳ ಕಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಯಿಯಿಂದ ತೆಗೆದ ಬೀಜ ವಾರದೊಳಗೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದೇ ತಾಯಿಗಿಡದ ಕಸಿಗಳನ್ನು ಮಾತ್ರ ನೆಟ್ಟರೆ ಪರಾಗ ಒಪ್ಪದೆ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯದಂಥ ನಂಬಿಕೆಯ ಕಡೆಯಿಂದ ಬೇರೆಬೇರೆ ತಳಿಗಳನ್ನು ಬೆರೆಸಿ ತರಬೇಕು. ನಾಲ್ಕಾರು ಮನೆಯವರು ಕೂಡಿ ಒಂದೇ ಕಡೆ ಹುಳಿಸಿ ಒಣಗಿಸಿದರೆ ಬುಟ್ಟಿಯೂ ತುಂಬುತ್ತದೆ, ಹದವೂ ಬರುತ್ತದೆ, ವ್ಯಾಪಾರಿಯ ಮುಂದೆ ಮಾತೂ ನಡೆಯುತ್ತದೆ. ನೆಡುವ ಮೊದಲು ಕೊಳ್ಳುವವರಾರೆಂದು ವಿಚಾರಿಸುವುದನ್ನು ಮರೆಯಬಾರದು.

ಹಿಂದಿರುಗುವಾಗ ಸುಲ್ತಾನ್ ಬತ್ತೇರಿಯ ಹಳೆಯ ಜೈನ ಬಸದಿಯನ್ನು ನೋಡಬೇಕು. ಕಲ್ಲಿನಲ್ಲಿಯೇ ಕಟ್ಟಿದ ಈ ಗುಡಿ 13ನೆಯ ಶತಮಾನದ್ದೆನ್ನುತ್ತಾರೆ; ಟಿಪ್ಪುವಿನ ಕಾಲದಲ್ಲಿ ಇಲ್ಲಿ ಮದ್ದುಗುಂಡು ಇಟ್ಟಿದ್ದುದರಿಂದ ಊರಿಗೆ ಈಗಿನ ಹೆಸರು ಬಂತು. ಅದಕ್ಕೆ ಮೊದಲಿನ ಹೆಸರುಗಳಲ್ಲಿ ಒಂದು ಹನ್ನೆರಡು ಬೀದಿ. ಕನ್ನಡ ನಾಡಿನಿಂದ ಬಂದ ಜೈನ ಗೃಹಸ್ಥರು ಇಲ್ಲಿ ಬೀದಿ ಕಟ್ಟಿ ಬಾಳಿದರು, ಅವರ ವಂಶದವರು ಇಂದಿಗೂ ವಯನಾಡಿನಲ್ಲಿ ಕಾಫಿ, ಮೆಣಸು ಬೆಳೆದುಕೊಂಡಿದ್ದಾರೆ. ಅಲ್ಲಿಂದ ಅಯ್ಯನ್‌ಕೊಲ್ಲಿಯ ಮೇಲೆ ಕತ್ತಲೆಗೆ ಮೊದಲೇ ಪಂದಲೂರು ಸೇರಬಹುದು. ಬುತ್ತಿ, ಕುಡಿಯುವ ನೀರು, ಕೊಡೆ ಜೊತೆಗಿರಲಿ. ತೋಟಗಳಲ್ಲಿ ಕೇಳಿದ್ದನ್ನು ಬರೆದುಕೊಳ್ಳಲು ಒಂದು ಪುಸ್ತಕವೂ ಇರಲಿ.